ಬಾಡಿಗೆ ಮನೆ ಮಾರುವವರ ಹತ್ತಿರ ಬಿಲ್ಲು ಎಲ್ಲಿರುತ್ತೆ?

ಮಾಗಡಿಯಲ್ಲಿ ಪತ್ರ ಬರೆಯುವುದು ನನ್ನ ಕಸುಬು. ಕ್ರಯಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ, ದಾನಪತ್ರ ಎಲ್ಲ ಬರೆಯುತ್ತೇನೆ. ಊರು ಕೆಂಪಾಪುರ. 2015ರಲ್ಲಿ ಕೆಂಪೇಗೌಡರ ಸಮಾಧಿ ಗುರುತಾದ ಮೇಲೆ ನಮ್ಮೂರಿನ ಹೆಸರು ಪತ್ರಿಕೆಗಳಲ್ಲಿ ಬರತೊಡಗಿತು. ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ಸಂಪುಟ ಒಪ್ಪಿದ ಮೇಲಂತೂ ‘ನಮ್ಮ ಮನೆ ಈಗ ಎಷ್ಟಕ್ಕೆ ಹೋಗಬಹುದು’ ಎಂದು ವಿಚಾರಿಸುವವರು ಹೆಚ್ಚಾಗಿದ್ದಾರೆ. ಬೆಲೆ ಎಲ್ಲರೂ ಕೇಳುತ್ತಾರೆ. ತೆರಿಗೆಯ ಮಾತು ಏಳುವುದು ಅಡ್ವಾನ್ಸ್ ಕೈಗೆ ಬಂದ ಮೇಲೆ.

‘ಹೊಲ ಮಾರಿದಾಗ ಒಂದು ರೂಪಾಯಿ ಕಟ್ಟಲಿಲ್ಲ, ಮನೆಗೆ ಯಾಕ್ ಕಟ್ಟಬೇಕು ಸ್ವಾಮಿ?’ ನನ್ನ ಮುಂದೆ ಕೂತವರು ಸಾಮಾನ್ಯವಾಗಿ ಮೊದಲು ಕೇಳುವುದು ಇದನ್ನೇ. ಹಳ್ಳಿಯ ವ್ಯವಸಾಯದ ಜಮೀನು ಬಂಡವಾಳ ಆಸ್ತಿಯ ಲೆಕ್ಕಕ್ಕೇ ಬರುವುದಿಲ್ಲ. ಮಾಗಡಿಯಷ್ಟು ಜನಸಂಖ್ಯೆಯ ಪುರಸಭೆಯಾದರೆ ಅದರ ಗಡಿಯಿಂದ ನೇರ ಅಳತೆಯಲ್ಲಿ 2 ಕಿಲೋಮೀಟರ್ ದಾಟಿದ ಹೊಲಕ್ಕೆ ತೆರಿಗೆಯಿಲ್ಲ. ಬೆಂಗಳೂರಿನಂಥ ಊರಾದರೆ ಆ ಅಂತರ 8 ಕಿಲೋಮೀಟರ್. ಮನೆಗೆ ಈ ರಿಯಾಯಿತಿ ಇಲ್ಲ. ಅದು ಕೆಂಪಾಪುರದ ಗ್ರಾಮಠಾಣದಲ್ಲಿರಲಿ, ಮಾಗಡಿಯ ತಿರುಮಲೆಯಲ್ಲಿರಲಿ, ಬಂಡವಾಳ ಆಸ್ತಿಯೇ. ಎರಡನೆಯ ಪ್ರಶ್ನೆಯೂ ಸಿದ್ಧವಿರುತ್ತದೆ: ‘12 ಲಕ್ಷದವರೆಗೂ ತೆರಿಗೆ ಇಲ್ಲ ಅಂತ ಟಿ.ವಿ.ಯಲ್ಲಿ ಹೇಳಿದರಲ್ಲ?’ ಅದು ಸಂಬಳ, ಪಿಂಚಣಿ, ಬಾಡಿಗೆಯಂಥ ಆದಾಯಕ್ಕೆ ಕೊಟ್ಟ ರಿಬೇಟು. ಮನೆ ಮಾರಿದ ಲಾಭಕ್ಕೆ ಅನ್ವಯಿಸುವುದಿಲ್ಲ.

ನಮ್ಮೂರ ಹಿರಿಯ ಹೆಣ್ಣುಮಗಳೊಬ್ಬರ ಮನೆ ತಿರುಮಲೆಯಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಅವರು ಕೆಂಪಾಪುರಕ್ಕೆ ವಾಪಸಾಗಿ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಮೇಷ್ಟ್ರುಗಳು, ಬೆಸ್ಕಾಂ ಲೈನ್‌ಮನ್, ಬಿಡದಿಯ ಕಾರ್ಖಾನೆಗೆ ಹೋಗುವ ಹುಡುಗರು ಅಲ್ಲಿ ಇದ್ದು ಹೋದರು. ಮಾರುವ ಮಾತು ಬಂದಾಗ ನ್ಯೂಜೆರ್ಸಿಯಲ್ಲಿರುವ ಮೊಮ್ಮಗ ಫೋನಿನಲ್ಲಿ ಅಜ್ಜಿಯನ್ನು ಹೆದರಿಸಿಬಿಟ್ಟ: ಬಾಡಿಗೆಗೆ ಕೊಟ್ಟ ಮನೆಯಾದ್ದರಿಂದ ತೆರಿಗೆ ಜಾಸ್ತಿ, ಸವಕಳಿಯ ಲೆಕ್ಕ ಬೇರೆ ಇದೆ ಎಂದು. ಅವನು ಹೇಳಿದ್ದು ಅಲ್ಲಿನ ಮಟ್ಟಿಗೆ ನಿಜ. ಅಮೆರಿಕದಲ್ಲಿ ಮಾರುವ ಮುಂಚಿನ ಐದು ವರ್ಷದಲ್ಲಿ ಎರಡು ವರ್ಷವಾದರೂ ಸ್ವಂತಕ್ಕೆ ವಾಸವಿದ್ದರೆ ಎರಡೂವರೆ ಲಕ್ಷ ಡಾಲರ್ ಲಾಭದವರೆಗೆ ವಿನಾಯಿತಿ. ಬಾಡಿಗೆಗೆ ಕೊಟ್ಟ ವರ್ಷಗಳಲ್ಲಿ ಕಳೆದುಕೊಂಡ ಸವಕಳಿಗೆ ಮಾರುವಾಗ ಶೇ 25ರವರೆಗೆ ತೆರಿಗೆ ಹಾಕಿ ವಸೂಲು ಮಾಡುತ್ತಾರೆ. ನಮ್ಮಲ್ಲಿ ಮನೆ ಬಾಡಿಗೆಯ ಆದಾಯಕ್ಕೆ ಸವಕಳಿ ಕೊಡುವ ಪದ್ಧತಿಯೇ ಇಲ್ಲ, ಆದ್ದರಿಂದ ವಾಪಸು ಕೇಳುವ ಪ್ರಶ್ನೆಯೂ ಇಲ್ಲ. ಮನೆಯಲ್ಲಿ ನೀವೇ ಇದ್ದರೂ ಒಂದೇ, ಬಾಡಿಗೆಯವರಿದ್ದರೂ ಒಂದೇ. ಬಂದ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ವಾಸದ ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಕಟ್ಟಲು ಹಾಕಿದರೆ ಅಷ್ಟಕ್ಕೆ ತೆರಿಗೆ ಮಾಫಿ. ಈ ಒಂದು ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ಸರಳ, ಒಳ್ಳೆಯದು ಕೂಡ.

ತೊಡಕಿರುವುದು ಖರ್ಚಿನ ಲೆಕ್ಕದಲ್ಲಿ. ಆ ಮನೆ ಒಂದೇ ಸಲಕ್ಕೆ ಎದ್ದದ್ದಲ್ಲ. ಮೊದಲಿದ್ದದ್ದು ಗಂಡನ ತಂದೆ ಕಟ್ಟಿದ ಮಂಗಳೂರು ಹೆಂಚಿನ ಮನೆ. 2008ರಲ್ಲಿ ಹಿಂದಿನ ಅರ್ಧ ಇಳಿಸಿ ಮೋಲ್ಡ್ ಹಾಕಿ, ಮೇಲೆ ಎರಡು ಕೋಣೆ ಎಬ್ಬಿಸಿದರು, ಬಾಡಿಗೆ ಬರಲಿ ಎಂದೇ. ಮರಳು ಬಂದ ಲಾರಿಗೆ ಚೀಟಿ ಇಲ್ಲ. ಗಾರೆಯವನಿಗೆ ಶನಿವಾರದ ಬಟವಾಡೆ, ಬರೆದಿಟ್ಟದ್ದು ಕ್ಯಾಲೆಂಡರಿನ ಹಿಂಬದಿಯಲ್ಲಿ. ಕಬ್ಬಿಣ, ಸಿಮೆಂಟಿನ ಅಂಗಡಿಯವನು ಕೊಟ್ಟದ್ದು ಪೆನ್ಸಿಲಿನಲ್ಲಿ ಗೀಚಿದ ‘ಎಸ್ಟಿಮೇಟ್’, ಮೇಲೆ ಅಂಗಡಿಯ ಹೆಸರೂ ಇಲ್ಲ. ಮಾಗಡಿ ಕಡೆ ಬಾಡಿಗೆಗೆಂದು ಮೇಲೆ ಕೋಣೆ ಹಾಕಿಸಿದವರು ಬಹುಪಾಲು ಹೀಗೇ ಹಾಕಿಸಿದ್ದು. ಹೊಸ ಮಹಡಿ, ಹೊಸ ಕೋಣೆ, ಸಂಪುಗಳ ಖರ್ಚನ್ನು ಮಾರುವಾಗ ಕಳೆದುಕೊಳ್ಳಬಹುದು. ಸುಣ್ಣಬಣ್ಣ, ನಲ್ಲಿ ರಿಪೇರಿ ಕಳೆಯುವಂತಿಲ್ಲ. ಅದಕ್ಕೆಂದೇ ಬಾಡಿಗೆಯ ಮೇಲೆ ವರ್ಷವರ್ಷ ಶೇ 30 ಬಿಟ್ಟಿದ್ದೇವಲ್ಲ ಎನ್ನುತ್ತದೆ ಇಲಾಖೆ. ಆ ಮಾತು ಒಪ್ಪಬಹುದು. ಆದರೆ ಕಣ್ಣಿಗೆ ಕಾಣುವ ಮಹಡಿಗೂ ಬಿಲ್ಲು ತನ್ನಿ ಎಂದರೆ?

ಇದರ ಬೆಲೆ ಎಷ್ಟೆಂದು ಒಂದು ಲೆಕ್ಕ ಹಾಕಿ ನೋಡೋಣ. ಅಷ್ಟು ಹಳೆಯ ಮನೆಗೆ ಕೊಂಡ ಬೆಲೆಯ ಜಾಗದಲ್ಲಿ 2001ರ ಏಪ್ರಿಲ್ 1ರ ಬೆಲೆ ಹಿಡಿಯಬಹುದು. ಆ ದಿನಕ್ಕೆ 2 ಲಕ್ಷ ಬಾಳುತ್ತಿದ್ದ ಮನೆ, 2008-09ರಲ್ಲಿ 5 ಲಕ್ಷದ ಮಹಡಿ, 2025-26ರಲ್ಲಿ 38 ಲಕ್ಷಕ್ಕೆ ಮಾರಾಟ ಎಂದಿಟ್ಟುಕೊಳ್ಳಿ. 2024ರ ಜುಲೈ 23ರ ಬಜೆಟ್ ಹಣದುಬ್ಬರದ ಸೂಚ್ಯಂಕ ಕಿತ್ತುಹಾಕಿ ತೆರಿಗೆಯನ್ನು ಶೇ 20ರಿಂದ 12.5ಕ್ಕೆ ಇಳಿಸಿತು. ಗಲಾಟೆಯಾದ ಮೇಲೆ ಆಗಸ್ಟ್‌ನಲ್ಲಿ ತಿದ್ದುಪಡಿ ತಂದು, ಆ ದಿನಕ್ಕೆ ಮುಂಚೆ ಬಂದ ಆಸ್ತಿಗೆ ಎರಡು ಲೆಕ್ಕದಲ್ಲಿ ಯಾವುದು ಕಡಿಮೆಯೋ ಅದು ಎಂದರು. ಮಹಡಿಯ ಖರ್ಚಿಗೆ ಪುರಾವೆ ಇದ್ದರೆ ಸೂಚ್ಯಂಕದ ಲೆಕ್ಕ ಲಾಭ: 2 ಲಕ್ಷ 7.52 ಲಕ್ಷವಾಗುತ್ತದೆ, 5 ಲಕ್ಷ 13.72 ಲಕ್ಷವಾಗುತ್ತದೆ, ತೆರಿಗೆ ಸುಮಾರು 3.35 ಲಕ್ಷ. ಪುರಾವೆ ಇಲ್ಲದಿದ್ದರೆ ಶೇ 12.5ರ ಲೆಕ್ಕವೇ ವಾಸಿ, ಅದರಲ್ಲಿ 4.5 ಲಕ್ಷ. ಸೆಸ್, ವಿನಾಯಿತಿ ಮಿತಿಗಳನ್ನು ಬದಿಗಿಟ್ಟು ನೋಡಿದರೂ ಬರೀ ಚೀಟಿ ಇಲ್ಲದ ತಪ್ಪಿಗೆ 1.15 ಲಕ್ಷ ಹೆಚ್ಚು. ಮಾಗಡಿಯಲ್ಲಿ ಎರಡು ಕೋಣೆಯ ಮನೆಗೆ ಬರುವ ಬಾಡಿಗೆ ಬಲ್ಲವರಿಗೆ ಇದು ಎಷ್ಟು ತಿಂಗಳ ದುಡ್ಡು ಎಂದು ಗೊತ್ತಾಗುತ್ತದೆ.

ನನ್ನ ತಕರಾರು ಇಲ್ಲಿದೆ. ನಮ್ಮ ಮುದ್ರಾಂಕ ಇಲಾಖೆಯ ಮಾರ್ಗಸೂಚಿ ದರಪಟ್ಟಿಯಲ್ಲಿ ನಿವೇಶನಕ್ಕೆ ಮಾತ್ರವಲ್ಲ, ಕಟ್ಟಡಕ್ಕೂ ದರವಿದೆ. ಆರ್‌ಸಿಸಿಗೆ ಇಷ್ಟು, ಹೆಂಚಿಗೆ ಇಷ್ಟು, ಶೀಟಿಗೆ ಇಷ್ಟು, ಕಟ್ಟಡ ಹಳೆಯದಾದರೆ ಇಷ್ಟು ಕಡಿತ ಎಂದು. ದಿನವೂ ಅದನ್ನೇ ಹಿಡಿದು ನಾನು ಪತ್ರಕ್ಕೆ ಲೆಕ್ಕ ಹಾಕುತ್ತೇನೆ. ಆದಾಯ ತೆರಿಗೆ ಇಲಾಖೆಗೂ ಈ ಪಟ್ಟಿ ಬಲು ಇಷ್ಟ. ನೀವು ಮಾರ್ಗಸೂಚಿ ಮೌಲ್ಯಕ್ಕಿಂತ ಕಡಿಮೆಗೆ ಮಾರಿ, ವ್ಯತ್ಯಾಸ ಶೇ 10 ದಾಟಿದರೆ ಪಟ್ಟಿಯ ಬೆಲೆಗೇ ಮಾರಿದಿರಿ ಎಂದು ತೆರಿಗೆ ಹಾಕುತ್ತದೆ. ಒಪ್ಪದಿದ್ದರೆ ಮೌಲ್ಯಮಾಪನ ಅಧಿಕಾರಿಗೆ ಕಳಿಸಿ ಎಂದು ಕೇಳಬಹುದು. ಕೇಳಿಕೊಂಡು ಅಲೆಯುವ ಶಕ್ತಿ ಇದ್ದರೆ. 2001ರ ಬೆಲೆ ಹೇಳುವಾಗ ಆ ಕಾಲದ ಮಾರ್ಗಸೂಚಿ ಮೌಲ್ಯವನ್ನು ಮೀರಬಾರದು ಎಂದು 2020ರಲ್ಲಿ ಇನ್ನೊಂದು ಬೇಲಿ ಹಾಕಿದರು. ಅಂದರೆ ಮಾರುವ ಬೆಲೆ ಏರಿಸಲು ಪಟ್ಟಿ ಬೇಕು, ಕೊಂಡ ಬೆಲೆ ಇಳಿಸಲು ಪಟ್ಟಿ ಬೇಕು. ಮಹಡಿ ಕಟ್ಟಿದ ಖರ್ಚು ಎಷ್ಟಿದ್ದೀತು ಎಂದು ಅಂದಾಜಿಸಲು ಮಾತ್ರ ಅದೇ ಪಟ್ಟಿ ಬೇಡ, ಅಲ್ಲಿ ಬಿಲ್ಲೇ ಬೇಕು. ಸರ್ಕಾರದ ತಕ್ಕಡಿ ಎರಡು ಸಲವೂ ಅದರ ಕಡೆಗೇ ವಾಲುತ್ತದೆ.

ಬಿಲ್ಲಿಲ್ಲದವರು ನೋಂದಾಯಿತ ಮೌಲ್ಯಮಾಪಕರ ವರದಿ ಹಾಕುತ್ತಾರೆ. ಅದನ್ನು ಒಪ್ಪುವುದು ಬಿಡುವುದು ಎದುರಿಗಿರುವ ಅಧಿಕಾರಿಯ ಮರ್ಜಿ. ಇಷ್ಟಕ್ಕೂ ಮಹಡಿ ಯಾವಾಗ ಬಂತು ಎಂದು ಸರ್ಕಾರಕ್ಕೆ ಗೊತ್ತಿಲ್ಲವೇ? ಪುರಸಭೆಯ ಕಂದಾಯ ಏರಿದ ವರ್ಷ ಖಾತಾ ಪುಸ್ತಕದಲ್ಲಿದೆ. ಬಾಡಿಗೆಯವರಿಗೆಂದು ಎರಡನೇ ಮೀಟರು ಕೂರಿಸಿದ ತಾರೀಖು ಬೆಸ್ಕಾಂನಲ್ಲಿದೆ. ಚದರಡಿ ಎಷ್ಟು ಎಂಬುದು ಇ-ಖಾತೆಯಲ್ಲಿದೆ. ಈ ಮೂರನ್ನು ಜೋಡಿಸಿ ಆಯಾ ವರ್ಷದ ಕಟ್ಟಡ ದರದಿಂದ ಗುಣಿಸಿದರೆ ಬಿಲ್ಲಿಗಿಂತ ನಂಬಿಕಸ್ಥ ಅಂಕಿ ಬರುತ್ತದೆ. 50 ಲಕ್ಷದೊಳಗಿನ ಮಾರಾಟಕ್ಕಾದರೂ ಇದನ್ನು ಅಧಿಕಾರಿ ಒಪ್ಪಲೇಬೇಕು ಎಂದು ನಿಯಮ ಬರಲಿ. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. ಕಲಂಗಳ ನಂಬರು ಬದಲಾಯಿಸುವ ಉತ್ಸಾಹದಲ್ಲಿ ಈ ಕೆಲಸವನ್ನೂ ಮಾಡಬಹುದಿತ್ತು.

ಬಾಡಿಗೆ ಮನೆ ಮಾರುವವರಿಗೆ ನನ್ನ ಕಣ್ಣೆದುರೇ ನಡೆಯುವ ಇನ್ನೊಂದು ಅನ್ಯಾಯವಿದೆ. ಕೊಳ್ಳುವವನಿಗೆ ಹಳೆಯ ಕಟ್ಟಡ ಬೇಡ, ಜಾಗ ಬೇಕು. ‘ಖಾಲಿ ನಿವೇಶನ ಅಂತ ಬರೆದುಬಿಡಿ, ಕಟ್ಟಡದ ಮೇಲಿನ ಸ್ಟಾಂಪ್ ಉಳಿಯುತ್ತೆ’ ಎನ್ನುತ್ತಾನೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದ ಮೇಲೆ ಈ ಒತ್ತಾಯ ಇನ್ನೂ ಜೋರಾಗಿದೆ. ಕೆಲವರು ನೋಂದಣಿಗೆ ಮುಂಚೆಯೇ ಜೆಸಿಬಿ ತಂದು ನಿಲ್ಲಿಸುತ್ತಾರೆ. ಇದ್ದ ಕಟ್ಟಡವನ್ನು ಇಲ್ಲವೆಂದು ಬರೆಯುವುದು ಮುದ್ರಾಂಕ ಇಲಾಖೆಗೆ ಹಾಕುವ ಟೋಪಿ, ಅದು ಒಂದು ಕಡೆ ಇರಲಿ. ಮಾರುವವರಿಗೆ ಬೀಳುವ ಪೆಟ್ಟು ದೊಡ್ಡದು. ಮನೆ ಎಂದು ಮಾರಿದರೆ ಬರೀ ಲಾಭವನ್ನು ಹೊಸ ಮನೆಗೆ ಹಾಕಿದರೆ ಸಾಕು. ನಿವೇಶನ ಎಂದು ಮಾರಿದರೆ ಪೂರ್ತಿ ವಿನಾಯಿತಿಗೆ ಖರ್ಚು ಕಳೆದು ಕೈಗೆ ಬಂದ ಮೊತ್ತವಷ್ಟನ್ನೂ ಹಾಕಬೇಕು. ಜೊತೆಗೆ ಬೇರೆ ಒಂದಕ್ಕಿಂತ ಹೆಚ್ಚು ಮನೆ ಇದ್ದರೆ ಅದೂ ಇಲ್ಲ. ಕೊಳ್ಳುವವನಿಗೆ ಉಳಿಯುವ ಕೆಲವು ಸಾವಿರಕ್ಕಾಗಿ ಮಾರುವವರು ಲಕ್ಷ ಕಳೆದುಕೊಳ್ಳುತ್ತಾರೆ.

ನಮ್ಮೂರ ಆ ತಾಯಿಯ ಹತ್ತಿರವೂ ಕೊಳ್ಳುವವರ ಕಡೆಯ ಬ್ರೋಕರು ಇದೇ ಹಟ ಹಿಡಿದ. ಆಕೆ ಸೊಪ್ಪು ಹಾಕಲಿಲ್ಲ. ‘ನಾನು ಸಂಸಾರ ಮಾಡಿದ ಮನೆ, ಜನ ಬಾಡಿಗೆ ಇದ್ದ ಮನೆ. ಇಲ್ಲ ಅಂತ ಹೆಂಗ್ ಬರೀತೀಯಪ್ಪಾ?’ ಎಂದರು. ಚೆಕ್ಕುಬಂದಿಯ ಕೆಳಗೆ ನಾನು ಇದ್ದದ್ದನ್ನೇ ಬರೆದೆ: ನೆಲ ಅಂತಸ್ತು ಭಾಗಶಃ ಹೆಂಚು, ಭಾಗಶಃ ಆರ್‌ಸಿಸಿ, ಮೇಲೆ ಎರಡು ಕೋಣೆ. ಮನೆ ಮಾರಲು ಹೊರಟವರು ಕೊಳ್ಳುವವರನ್ನು ಹುಡುಕುವ ಮೊದಲು ಹಳೆಯ ಕಂದಾಯ ರಸೀದಿ, ಮೀಟರು ಮಂಜೂರಾದ ಪತ್ರ, ಬಾಡಿಗೆ ಕರಾರುಗಳನ್ನು ಹುಡುಕಿ ತರಲಿ. ಗೃಹಪ್ರವೇಶದ ಫೋಟೊದಲ್ಲಿ ತಾರೀಖು ಬಿದ್ದಿದ್ದರೆ ಅದೂ ಇರಲಿ. 2024ರ ಜುಲೈ ನಂತರ ತಾವರೆಕೆರೆ, ಬಿಡದಿಯಲ್ಲಿ ಸಾಲ ಮಾಡಿ ಮನೆ ಕೊಂಡ ಹುಡುಗರಿಗೆ ಸೂಚ್ಯಂಕದ ಆಯ್ಕೆಯೂ ಇಲ್ಲ. ಅವರು ಇವತ್ತು ಕಟ್ಟಿಸುವ ಒಂದೊಂದು ಗೋಡೆಗೂ ಜಿಎಸ್‌ಟಿ ಬಿಲ್ಲು ಕೇಳಿ ಪಡೆದು ಇಟ್ಟುಕೊಳ್ಳಬೇಕು.