ಬಂಡೆಯ ಬಿರುಕಿಗೆ ಇಳಿದ ಎಣ್ಣೆ

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಜುಲೈಯಲ್ಲಿ ಅದೇ ಕೆರೆಯಲ್ಲಿ ನೊರೆ ಎದ್ದಿತು, ಬೆಳ್ಳಂದೂರು, ವರ್ತೂರು ಕೆರೆಗಳಿಂದ ರಸ್ತೆಗೆ ಹಾರುತ್ತಿದ್ದಂಥ ನೊರೆ. ನೀರು ಹರಿಸುವುದಕ್ಕೆ ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಆಮೇಲೆ ನೀರು ಮತ್ತೆ ಹರಿಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕೇ ಬೇಕು ಎಂದು ಆರ್. ಆಂಜನೇಯ ರೆಡ್ಡಿ ಮತ್ತು ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಗಂಟಲು ಹರಿಯುವಂತೆ ಕೂಗಿದರು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ.

ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ, ನಿಜ. ಸಾವಿರದಿನ್ನೂರು ಅಡಿ ಕೊರೆಸಿ ಬರೀ ಧೂಳು ಕಂಡ ರೈತನಿಗೆ ಅದರ ಬೆಲೆ ಗೊತ್ತು. ನನ್ನ ಸಿಟ್ಟಿಗೂ ಅದೇ ಕಾರಣ. ಇಷ್ಟು ಕಷ್ಟಪಟ್ಟು ತುಂಬಿಸಿದ ನೆಲದ ಒಡಲಿಗೆ ನಾವು ಏನೇನು ಸುರಿಯುತ್ತಿದ್ದೇವೆ?

ಮುಳಬಾಗಿಲು ಕಡೆಯ ಹೆದ್ದಾರಿ ಪಕ್ಕದ ಒಂದು ಲಾರಿ ಗ್ಯಾರೇಜ್. ಹುಡುಗ ಇಂಜಿನ್ನಿನ ಅಡಿಯ ನಟ್ಟು ಬಿಚ್ಚಿದ. ಕಪ್ಪು ಆಯಿಲ್ ಬಾಣಲೆಗೆ ಇಳಿಯಿತು, ಬಾಣಲೆಯಿಂದ ನೇರ ಮೋರಿಗೆ. ಮೋರಿಯ ಮಣ್ಣು ಟಾರಿನ ಹಾಗೆ ಹೊಳೆಯುತ್ತಿತ್ತು. "ಇದು ಕೆರೆಗೆ ಹೋಗಲ್ವೇನಪ್ಪಾ?" ಅಂದೆ. "ಮಳೆ ಬಂದ್ರೆ ತೊಳ್ಕೊಂಡ್ ಹೋಗುತ್ತೆ ಬಿಡಣ್ಣ" ಅಂದ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಹಳೆ ಆಯಿಲ್ ಅಪಾಯಕಾರಿ ತ್ಯಾಜ್ಯ, ಅದು ಪರವಾನಗಿ ಇರುವ ಮರುಬಳಕೆದಾರರಿಗೇ ಸೇರಬೇಕು ಎನ್ನುತ್ತವೆ 2016ರ ನಿಯಮಗಳು. ಅದನ್ನು ಅವನಿಗೆ ಹೇಳಿಕೊಡದ, ಒಂದು ಪೀಪಾಯಿಯನ್ನೂ ಇಡಿಸದ ಆಡಳಿತದ ಮೇಲೆ ಕೋಪ.

ತೊಳೆದುಕೊಂಡು ಎಲ್ಲಿಗೆ ಹೋಗುತ್ತದೆ? ನೆಲಕ್ಕಿಳಿದ ಎಣ್ಣೆ ನೀರಲ್ಲಿ ಸುಲಭಕ್ಕೆ ಕರಗುವುದಿಲ್ಲ, ಕಲ್ಲಿಗೆ ಅಂಟಿ ಕೂರುತ್ತದೆ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ನೀರಿಗೆ ವಿಷ ಬಿಡುತ್ತದೆ. ಬಿಡಿಸಲು ಒಂದು ದಾರಿಯಿದೆ, ಅದಕ್ಕೂ ಸೋಪೇ ಬೇಕು. ಕೆರೆಯಲ್ಲಿ ನೊರೆ ಎಬ್ಬಿಸುವ, ಸೋಪಿನಲ್ಲಿರುವ ಸರ್ಫ್ಯಾಕ್ಟಂಟನ್ನೇ ಹದವಾಗಿ ಬೆರೆಸಿ ಒಂದು ಬಾವಿಯಿಂದ ಒಳಗೆ ನೂಕುತ್ತಾರೆ. ಅದರ ಅಣುವಿನ ಒಂದು ತುದಿ ನೀರನ್ನು, ಇನ್ನೊಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ. ಸಡಿಲವಾದ ಎಣ್ಣೆಯನ್ನು ಸುತ್ತಲಿನ ಬಾವಿಗಳಿಂದ ಮೇಲೆತ್ತಿ, ಆ ಬೆರಕೆ ನೀರನ್ನು ಮತ್ತೆ ಶುದ್ಧ ಮಾಡಬೇಕು. 1990ರ ದಶಕದಲ್ಲಿ ಅಮೆರಿಕದ ಯೂಟಾದಲ್ಲಿರುವ ಹಿಲ್ ವಾಯುನೆಲೆಯಲ್ಲಿ ನೆಲಕ್ಕಿಳಿದ ರಾಸಾಯನಿಕ ದ್ರಾವಕಗಳನ್ನು ಹೀಗೇ ತೆಗೆದು ತೋರಿಸಿದರು. ಅಲ್ಲಿ ಮೇಲೆ ಮರಳು, ಅಡಿಯಲ್ಲಿ ಜೇಡಿಮಣ್ಣಿನ ಹಾಸು. ಸಡಿಲವಾದದ್ದು ಕೆಳಗೆ ಜಾರಿಹೋಗದಂತೆ ಆ ಹಾಸು ತಡೆಯಿತು.

ಕೋಲಾರದಲ್ಲಿ ಆ ತಡೆ ಎಲ್ಲಿದೆ? ನಮ್ಮದು ಬಿರುಕು ಬಿಟ್ಟ ಗಟ್ಟಿ ಬಂಡೆ. ಯಾವ ಬಿರುಕು ಯಾರ ತೋಟದ ಬೋರ್‌ವೆಲ್‌ಗೆ ಕೂಡುತ್ತದೋ ಮೇಲೆ ನಿಂತು ಯಾರೂ ಹೇಳಲಾರರು. ಇಲ್ಲಿ ಸೋಪು ಬಿಟ್ಟರೆ ಕೂತಿದ್ದ ಎಣ್ಣೆ ಎದ್ದು ಇನ್ನೂ ಆಳಕ್ಕೆ, ಇನ್ನೂ ದೂರಕ್ಕೆ ಓಡೀತು. 2013ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯ ಮನೆಗಳ ಬೋರ್‌ವೆಲ್ ನೀರಲ್ಲಿ ಪೆಟ್ರೋಲ್ ಬಂತು. ಇಲ್ಲಿ ಹಾಗಾದರೆ ನಮಗೆ ಬೇರೆ ನೀರೇ ಇಲ್ಲ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ಇದು. ಫ್ಲೋರೈಡ್ ಕುಡಿದು ಈಗಾಗಲೇ ಹಲ್ಲು ಕಂದಿವೆ, ಮೂಳೆ ಬಾಗಿವೆ.

ಆದ್ದರಿಂದ ಆಮೇಲೆ ತೊಳೆಯುವ ಮಾತು ಬೇಡ. ಮೂರನೇ ಹಂತದ ಶುದ್ಧೀಕರಣವಿಲ್ಲದೆ ಒಂದು ಹನಿಯನ್ನೂ ಕೆರೆಗೆ ಬಿಡಬೇಡಿ. ಗ್ಯಾರೇಜ್‌ಗಳ ಹಳೆ ಆಯಿಲ್ಲನ್ನು ವಾರವಾರ ಬಂದು ಒಯ್ಯಿರಿ. ಬಾಯಿಗೆ ಚಪ್ಪಡಿ ಎಳೆದು ಬಿಟ್ಟ ಸತ್ತ ಬೋರ್‌ವೆಲ್‌ಗಳನ್ನು ಕೊಳಚೆ ಇಳಿಯದಂತೆ ಭದ್ರವಾಗಿ ಮುಚ್ಚಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕೆರೆ ಪಕ್ಕದ ಬೋರ್‌ವೆಲ್ ನೀರನ್ನು ಎಣ್ಣೆಗೂ ಸೋಪಿಗೂ ಪರೀಕ್ಷಿಸಿ, ವರದಿಯನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿ. ಅದರ ಕೆಳಗೆ ಅಧಿಕಾರಿಯ ಹೆಸರೂ ಸಹಿಯೂ ಇರಲಿ.