ಕಿಟ್ ಪೂರ್ತಿ ಬಂದದ, ಅಳತಿ ಯಾಕಂತ!

ಇಲ್ಲೆ ಓಹಾಯೋದಾಗ ಥಂಡಿ ಬಿತ್ತಂದ್ರ ಗಂಡಸರ ಗ್ಯಾರೇಜ್ ಹುಚ್ಚು ಶುರು. ನಮ್ಮ ಮೈದುನ ತನ್ನ ಹಳೇ ಶೆವ್ರೊಲೆ ಪಿಕಪ್ಪಿನ 5.3 ಲೀಟರ್ ವಿ-8 ಎಂಜಿನ್ನಿಗೆ ಹೊರಗಿನ ಕ್ಯಾಮ್‌ಶಾಫ್ಟ್ ತರಿಸ್ಯಾನ. ತರಸ್ಲಿ. ನನ್ನ ಜಗಳ ಇರೋದು ಅವನ ಒಂದ ಮಾತಿನ ಮ್ಯಾಲೆ: "ವೈನಿ, ಕಿಟ್‌ನಾಗ ಪುಶ್‌ರಾಡೂ ಬಂದಾವ, ಇನ್ನ ಅಳೆಯೋದೇನದ?"

ಅಕ್ಕಂದಿರ, ಹತ್ತು ವರ್ಷದ ಹಿಂದಿನ ಅಳತಿ ಜಂಪರ್ ಕೊಟ್ಟು ಹೊಸದು ಹೊಲಿಸಿದ್ರ ಏನಾಗ್ತದ, ನಿಮಗ ಗೊತ್ತದ. ಇದೂ ಹಂಗ.

ಹೈಡ್ರಾಲಿಕ್ ಲಿಫ್ಟರ್ ಅಂದ್ರ ಒಳಗ ಎಣ್ಣಿ ತುಂಬಿದ ಸಣ್ಣ ಕೊಳವಿ. ಅದರಾಗ ಒಂದು ಪ್ಲಂಜರ್, ಕೆಳಗ ಸ್ಪ್ರಿಂಗ್. ವಾಲ್ವ್ ಮುಚ್ಚಿದಾಗ ಪುಶ್‌ರಾಡ್ ಆ ಪ್ಲಂಜರನ್ನ ಎಷ್ಟು ಕೆಳಗ ಒತ್ತಿರ್ತದೋ, ಅದ ಪ್ರೀಲೋಡ್. ಸಾಮಾನ್ಯವಾಗಿ 0.020 ರಿಂದ 0.060 ಇಂಚು, ಲಿಫ್ಟರ್ ಮಾಡಿದವರು ಬ್ಯಾರೆ ಹೇಳಿದ್ರ ಅವರ ಮಾತ ಖರೆ. ಸಣ್ಣ ಲೆಕ್ಕ ಇದು, ಕಣ್ಣಂದಾಜಿಗೆ ಸಿಗೂದಲ್ಲ.

ಹೊಸ ಕ್ಯಾಮ್ ಕಡದಾಗ ಅದರ ಗುಂಡನೆ ಭಾಗ, ಅಂದ್ರ ಬೇಸ್ ಸರ್ಕಲ್, ಭಾಳ ಸಲ ಸಣ್ಣದಾಗ್ತದ. ತ್ರಿಜ್ಯ 0.030 ಇಂಚು ಕಡಿಮಿ ಆದ್ರ ಲಿಫ್ಟರ್ ಅಷ್ಟ ಕೆಳಗ ಕೂಡ್ತದ, ಪ್ರೀಲೋಡ್ ಅಷ್ಟ ಕಡಿಮಿ. ಅದ ಹೆಡ್ ತಿಕ್ಕಿಸಿದ್ರ, ಇಲ್ಲಾ ತೆಳ್ಳನ ಗ್ಯಾಸ್ಕೆಟ್ ಹಾಕಿದ್ರ, ಉಲ್ಟಾ: ಪ್ರೀಲೋಡ್ ಏರ್ತದ. ಡಬ್ಬಿಯೊಳಗ ಪುಶ್‌ರಾಡ್ ಹಾಕಿ ಕಳಿಸಿದವರು ಇವನ ಹೆಡ್ ನೋಡ್ಯಾರೇನು?

"ಸದ್ದು ಬರಲಿಲ್ಲಂದ್ರ ಛಲೋ ಅದ" ಅನ್ನೋದು ಇನ್ನೊಂದು ಮೊಂಡುವಾದ. ಪ್ರೀಲೋಡ್ ಕಡಿಮಿ ಆದ್ರ ಟಿಕ್ ಟಿಕ್ ಅಂತದ, ಖರೆ. ಆದ್ರ ಜಾಸ್ತಿ ಆದಾಗ ಎಂಜಿನ್ ಶಾಂತ ಇರಬಹುದು. ಪ್ಲಂಜರ್ ತಳ ಮುಟ್ಟಿದ್ರ ವಾಲ್ವ್ ಪೂರ್ತಿ ಮುಚ್ಚೂದಿಲ್ಲ, ಕಂಪ್ರೆಶನ್ ಸೋರ್ತದ. ಎಕ್ಸಾಸ್ಟ್ ವಾಲ್ವಿನ ಕಾವು ಇಳಿಯೋದು ಸೀಟಿಗೆ ತಾಗಿ ಕೂತಾಗ, ಕೂಡದಿದ್ರ ಸುಡ್ತದ. ಆಮ್ಯಾಲೆ ಹೆಡ್ ಬಿಚ್ಚಬೇಕು. ಆ ರೊಕ್ಕ ಮನಿ ಖರ್ಚಿನಾಗಿಂದ ಹೋಗ್ತದ, ಅದಕ್ಕ ನನಗ ಮಾತಾಡೋ ಹಕ್ಕದ.

ಈ ಎಂಜಿನ್ನಿನ ರಾಕರ್‌ನಾಗ ತಿರುವಿ ಹೊಂದಿಸೋ ಸ್ಕ್ರೂನೂ ಇಲ್ಲ. ಬೋಲ್ಟ್ 22 ಪೌಂಡ್-ಫೂಟಿಗೆ ಬಿಗಿದ್ರ ಮುಗೀತು. ಹೊಂದಿಸೋದೆಲ್ಲಾ ಪುಶ್‌ರಾಡ್ ಉದ್ದದಾಗ ಅದ. ಹಂಗಾಗಿ ಪುಶ್‌ರಾಡ್ ಕೊಳ್ಳೋದು ಅಳದ ಮ್ಯಾಲೆ, ಮೊದಲಲ್ಲ.

ಅಳೆಯೋದೇನು ದೊಡ್ಡ ವಿದ್ಯಾ ಅಲ್ಲ. ಉದ್ದ-ಗಿಡ್ಡ ಆಗೋ ಚೆಕ್ಕರ್ ಪುಶ್‌ರಾಡ್ ಅಂತ ಸಿಗ್ತದ. ಆ ಸಿಲಿಂಡರಿನ ಲಿಫ್ಟರ್ ಬೇಸ್ ಸರ್ಕಲ್ ಮ್ಯಾಲೆ ಬರೂ ಹಂಗ ಎಂಜಿನ್ ತಿರುವಿ, ರಾಕರ್ ಬಿಗಿದು, ಸಡಲ ಹೋಗೂ ತನಕ ಚೆಕ್ಕರ್ ಉದ್ದ ಮಾಡೋದು. ಸ್ಪ್ರಿಂಗ್ ಒತ್ತಬಾರದು, ಬರೇ ತಾಗಬೇಕು. ತಗದು ಅಳದು, ಬೇಕಾದ ಪ್ರೀಲೋಡ್ ಕೂಡಿಸಿದ್ರ ಉದ್ದ ಬಂತು. ಇನ್‌ಟೇಕಿಗೊಮ್ಮೆ, ಎಕ್ಸಾಸ್ಟಿಗೊಮ್ಮೆ, ಎರಡೂ ಹೆಡ್ಡಿನಾಗ. ಒಂದು ಮಧ್ಯಾಹ್ನದ ಕೆಲಸ, ಚಹಾ ನಾ ಮಾಡಿಕೊಡ್ತೀನಿ.

ನಿಮ್ಮನಿಯಾಗೂ ಇಂಥಾ ಡಬ್ಬಿ ಬಂದಿದ್ರ, ವಾಲ್ವ್ ಕವರ್ ಮುಚ್ಚೋ ಮೊದಲ ಕೇಳ್ರಿ: ಪ್ರೀಲೋಡ್ ಎಷ್ಟು ಬಂತು? ಅಂಕಿ ಹೇಳ್ಬೇಕು. "ಸರಿ ಅದ" ಅಂದ್ರ ಕವರ್ ಬೋಲ್ಟ್ ನಿಮ್ಮ ಕೈಯಾಗ ಇಟ್ಕೋರಿ.