ಉದ್ದನ್ನ ಹಾಡು ಯಾರಪ್ಪನ ಸ್ವತ್ತು?

"ಹೆಣ್ಣಮಕ್ಕಳಿಗೆ ದೇವರನಾಮ, ಭಾವಗೀತೆ, ಸಿನಿಮಾ ಹಾಡು ಸಾಕ್ರೀ. ಅರ್ಧ ತಾಸಿನ ಹಾಡು ಕೇಳೂವಷ್ಟು ವ್ಯವಧಾನ ಅವರಿಗೆಲ್ಲಿ ಇರತದ?" ಹೀಗೆನ್ನುವ ಪಂಡಿತರು ನಮ್ಮ ಧಾರವಾಡ ಸೀಮೆಯಲ್ಲಿ ಮನೆಗೊಬ್ಬರು ಸಿಗುತ್ತಾರೆ. ಕೆಲವರು ಪಾಪ, ಕನಿಕರದಿಂದಲೇ ಅನ್ನುತ್ತಾರೆ. ಈ ಮಾತಿಗೆ ನನ್ನ ತಕರಾರಿದೆ. ನಮಗೆ ವ್ಯವಧಾನ ಬೇಕಾದಷ್ಟಿದೆ. ಅದನ್ನು ಇಡಿಯಾಗಿ ನಮ್ಮ ಕೈಗೆ ಕೊಡುವವರು ಮಾತ್ರ ಯಾರೂ ಇಲ್ಲ.

ನಾನು ಧಾರವಾಡದಲ್ಲಿ ಕಾಲೇಜು ಓದಿದ್ದು 1979ರಿಂದ 1982ರವರೆಗೆ. ಹಾಸ್ಟೆಲಿನ ಗೆಳತಿಯೊಬ್ಬಳ ಅಣ್ಣ ಮುಂಬಯಿಯಿಂದ ಕ್ಯಾಸೆಟ್ಟು ತರುತ್ತಿದ್ದ. ಪಿಂಕ್ ಫ್ಲಾಯ್ಡ್, ಯೆಸ್, ಜೆಥ್ರೊ ಟಲ್ ಎಂಬ ಇಂಗ್ಲೆಂಡಿನ ತಂಡಗಳು. ಆ ಸಂಗೀತಕ್ಕೆ ಪ್ರೊಗ್ರೆಸಿವ್ ರಾಕ್ ಎಂದು ಹೆಸರು. ರಾಕ್ ಎಂದರೆ ಕುಣಿತ, ಗದ್ದಲ, ಮೂರು ನಿಮಿಷಕ್ಕೆ ಮುಗಿಯುವ ಹಾಡು ಎಂದುಕೊಂಡವರಿಗೆ ಇದು ಬೇರೆಯೇ ಲೋಕ. ಯೆಸ್ ತಂಡದ 'ಕ್ಲೋಸ್ ಟು ದಿ ಎಡ್ಜ್' (1972) ಎಂಬ ಒಂದೇ ಹಾಡು ಸುಮಾರು 18 ನಿಮಿಷ, ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ. ಅದೇ ವರ್ಷ ಬಂದ ಜೆಥ್ರೊ ಟಲ್ ತಂಡದ 'ಥಿಕ್ ಆ್ಯಸ್ ಎ ಬ್ರಿಕ್' ಎರಡೂ ಮಗ್ಗುಲು ಸೇರಿ ಒಂದೇ ಹಾಡು! ನಡುವೆ ಲಯ ಬದಲಾಗುತ್ತದೆ, ಮಾತು ನಿಲ್ಲುತ್ತದೆ, ವಾದ್ಯಗಳೇ ಕತೆಯನ್ನು ಮುಂದುವರಿಸುತ್ತವೆ. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿದ್ದ ನಾವು ನಾಲ್ಕು ಹುಡುಗಿಯರು ಮಂಚದ ಮೇಲೆ ಕಾಲು ಮಡಚಿ ಕೂತು ಪೂರಾ ಕೇಳುತ್ತಿದ್ದೆವು. ಯಾರಿಗೂ ವ್ಯವಧಾನ ಕಡಿಮೆ ಬೀಳಲಿಲ್ಲ.

ಆಮೇಲೆ ಮದುವೆ, ಕುಂದಗೋಳ. ಮನೆಯಲ್ಲಿ ಟೇಪ್‌ರೆಕಾರ್ಡರ್ ಇತ್ತು. ಆದರೆ 18 ನಿಮಿಷವನ್ನು ಎಲ್ಲಿಂದ ತರುವುದು? ನಾಲ್ಕನೇ ನಿಮಿಷಕ್ಕೆ ಹಾಲಿನವ, ಏಳನೇ ನಿಮಿಷಕ್ಕೆ ಕುಕ್ಕರಿನ ಸೀಟಿ, ಹತ್ತನೇ ನಿಮಿಷಕ್ಕೆ ಮಾವನವರ ಚಹಾ. ಕ್ಯಾಸೆಟ್ಟುಗಳು ಟ್ರಂಕಿನ ತಳ ಸೇರಿದವು. ಮೂವತ್ತು ವರ್ಷಕ್ಕೂ ಮೇಲಾಯಿತು.

2016ರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ನನ್ನ ತಂಗಿಯ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, "ದೊಡ್ಡವ್ವಾ, ಇದನ್ನ ಕೇಳು. ಆದ್ರ ನಡುವ ಏಳೂ ಹಂಗಿಲ್ಲ ನೋಡು," ಎಂದು ಕರಾರು ಹಾಕಿದಳು. ಅದು ಮೆರಿಲಿಯನ್ ಎಂಬ ತಂಡದ 'ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್'. ಕಳೆದುಹೋದ ಬಾಲ್ಯ, ಕಳೆದುಹೋದ ಪ್ರೀತಿ ಅದರ ವಸ್ತು. 1977ರ ಹೊತ್ತಿಗೆ ಪಂಕ್ ಸಂಗೀತದವರು ಉದ್ದ ಹಾಡನ್ನು ಸೊಕ್ಕಿನವರ ಆಟವೆಂದು ಗೇಲಿ ಮಾಡಿದ್ದರು. 1980ರ ದಶಕದಲ್ಲಿ ಅದನ್ನು ಮತ್ತೆ ಕೈಗೆತ್ತಿಕೊಂಡ ಹುಡುಗರ ಸಂಗೀತಕ್ಕೆ ನಿಯೋ-ಪ್ರೊಗ್ ಎಂದರು. ಸುಮಾರು 41 ನಿಮಿಷದ ಈ ರೆಕಾರ್ಡಿನ ಎರಡೂ ಮಗ್ಗುಲಲ್ಲಿ ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡು ಹೆಣೆದುಕೊಂಡೇ ಇರುತ್ತದೆ. ಇಂಥದ್ದನ್ನು ಜನ ಕೇಳುವುದಿಲ್ಲ ಎಂದವರ ಮುಂದೆಯೇ 1985ರಲ್ಲಿ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ನನ್ನನ್ನು ಹಿಡಿದು ಕೂರಿಸಿದ್ದು ಸ್ಟೀವ್ ರೊಥರಿಯ ಗಿಟಾರು. ಹತ್ತು ಸ್ವರ ಉದುರಿಸಬಹುದಾದ ಕಡೆ ಒಂದೇ ಸ್ವರವನ್ನು ಹಿಡಿದು, ಎಳೆದು, ಅದರ ಉಸಿರು ಮುಗಿಯುವ ತನಕ ಕಾಯುವ ಕೈ ಅದು. ಹಾಸ್ಟೆಲಿನ ಮಂಚದ ಮೇಲೆ ಬಿಟ್ಟುಬಂದಿದ್ದ ಕಿವಿ ನನಗೆ ತಿರುಗಿ ಸಿಕ್ಕಿತು.

ಸುದ್ದಿ ಓಣಿಗೆ ಮುಟ್ಟಿದ ಮೇಲೆ ಸುಮ್ಮನಿರುತ್ತಾರೆಯೇ? "ಈ ವಯಸ್ಸಿನ್ಯಾಗ ಗಿಟಾರ್ ಏನ್ರೀ ಅಕ್ಕಾರ? ಸವಾಯಿ ಗಂಧರ್ವರ ಊರಿದು!" ಹೌದು, ಅವರ ಊರೇ. ಅದಕ್ಕೇ ಕೇಳಿದೆ. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರ (1886–1952) ಅವರ ಕಿರಾಣಾ ಘರಾಣೆಯ ಹೆಗ್ಗಳಿಕೆಯಾದರೂ ಏನು? ಒಂದೊಂದೇ ಸ್ವರವನ್ನು ನಿಧಾನವಾಗಿ ಬಿಡಿಸಿ ರಾಗವನ್ನು ಬೆಳೆಸುವುದು. ಖ್ಯಾಲು ಮತ್ತು ರಾಕ್ ಒಂದೇ ಎಂದು ನಾನೇನೂ ಹೇಳುತ್ತಿಲ್ಲ. ಆದರೆ ಕಾಯುವುದನ್ನು ಎರಡೂ ಕಲಿಸುತ್ತವೆ. ಭೀಮಸೇನ ಜೋಶಿಯವರ ವಿಲಂಬಿತವನ್ನು ನಾನು ನಡುವೆ ಏಳದೆ ಕೇಳತೊಡಗಿದ್ದು ಆ ಗಿಟಾರ್ ಕೇಳಿದ ಮೇಲೆಯೇ. ಯಾವ ಬಾಗಿಲಿಂದ ಒಳಗೆ ಬಂದರೇನು?

ಪರದೇಶದ ವಾದ್ಯವೆಂಬ ಆಕ್ಷೇಪವೂ ಹಳೆಯದೇ. ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟು, ಮೂರು ದಶಕ ಒಳಗೆ ಬಿಟ್ಟಿರಲಿಲ್ಲ. ಇಂದು ಅದಿಲ್ಲದ ಭಜನೆ ಯಾವ ಹಳ್ಳಿಯಲ್ಲಿದೆ ತೋರಿಸಿ! ಬೆಂಗಳೂರಿನ ಅಗಂ ತಂಡದವರು 2012ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಸ್ವಾತಿ ತಿರುನಾಳರ ಧನಾಶ್ರೀ ತಿಲ್ಲಾನವನ್ನೇ ಗಿಟಾರು, ಡ್ರಮ್ಮುಗಳ ಜೊತೆ ಹಾಡಿದ್ದಾರೆ. ತಿಲ್ಲಾನ ಸವೆದುಹೋಗಲಿಲ್ಲ.

ಇನ್ನು ಉದ್ದ ಹಾಡು ಹೆಂಗಸರಿಗೆ ಒಗ್ಗುವುದಿಲ್ಲ ಎಂಬ ಮಾತು. ನವಲಗುಂದ ಕಡೆಯ ಹಳ್ಳಿಯವಳಾದ ನನ್ನ ಅಮ್ಮನ ತಾಯಿ ಕೋಳಿ ಕೂಗುವ ಮುಂಚೆ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳಂತೆ. ಬುಟ್ಟಿಯ ಜೋಳ ತೀರುವ ತನಕ ಹಾಡೂ ತೀರುತ್ತಿರಲಿಲ್ಲ. ಹಲಸಂಗಿ ಗೆಳೆಯರು ಸಂಗ್ರಹಿಸಿದ ಗರತಿಯ ಹಾಡುಗಳನ್ನು ಪುಸ್ತಕದಲ್ಲಿ ಬಿಡಿಬಿಡಿ ತ್ರಿಪದಿಯಾಗಿ ಓದುವ ನಮಗೆ ಅವು ಚಿಕ್ಕ ಹಾಡು ಅನ್ನಿಸುತ್ತವೆ. ಕಲ್ಲಿನ ಮುಂದೆ ಒಂದಕ್ಕೆ ಇನ್ನೊಂದು ಪೋಣಿಸಿಕೊಂಡು ಅವು ಎಷ್ಟು ಉದ್ದ ಸಾಗುತ್ತಿದ್ದವು ಎಂಬುದನ್ನು ಯಾವ ಪುಸ್ತಕ ತೋರಿಸೀತು? ಅಬ್ದುಲ್ ಕರೀಂ ಖಾನರಂಥವರ ರಾಗವನ್ನೇ ಮೂರು ನಿಮಿಷಕ್ಕೆ ಕತ್ತರಿಸಿದ್ದು ಹಳೆಯ ಗ್ರಾಮಫೋನ್ ತಟ್ಟೆ. ಅದು ಯಂತ್ರದ ಅಳತೆ, ಕೇಳುವವರ ಅಳತೆಯಾಗಿರಲಿಲ್ಲ.

ಗಿರಣಿ ಬಂತು, ನಮ್ಮ ರಟ್ಟೆಗೆ ವಿಶ್ರಾಂತಿ ಸಿಕ್ಕಿತು, ಒಳ್ಳೆಯದಾಯಿತು. ಬೀಸುಕಲ್ಲು ತಿರುಗಿ ಬರಲಿ ಎನ್ನುವಷ್ಟು ಹುಚ್ಚಿ ನಾನಲ್ಲ. ಆದರೆ ಉಳಿದ ಆ ಎರಡು ತಾಸು ಎಲ್ಲಿಗೆ ಹೋಯಿತು, ಲೆಕ್ಕ ಕೇಳಿದಿರಾ? ಮಕ್ಕಳ ಟಿಫಿನ್ನಿಗೆ, ಬಂದವರ ಉಪಚಾರಕ್ಕೆ, ಜಾಹೀರಾತು ಕತ್ತರಿಸಿ ಕತ್ತರಿಸಿ ಕೊಡುವ ಧಾರಾವಾಹಿಗೆ, ಈಗ ಮೊಬೈಲಿನ ಅರ್ಧ ನಿಮಿಷದ ತುಣುಕುಗಳಿಗೆ. ಅಹೋರಾತ್ರಿ ಸಂಗೀತಕ್ಕೆ ಕೂತ ಗಂಡಸನ್ನು ರಸಿಕ ಎನ್ನುತ್ತಾರೆ. ಅದೇ ಹೆಂಗಸು ಕೂತರೆ, "ಮನಿ ಮಾರು ಇಲ್ಲೇನ ಆಕಿಗೆ?" ಎನ್ನುತ್ತಾರೆ. ಮಕ್ಕಳ ತಾಯಿಯಾದ ಮೇಲೂ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದರು. ಆಗಲೂ ಜನ ಆಡಿಕೊಂಡಿರಲಾರರೇ? ಅವರು ರೈಲು ತಪ್ಪಿಸಿಕೊಳ್ಳಲಿಲ್ಲ.

ನಾವೆಲ್ಲ ಗಂಗೂಬಾಯಿ ಆಗಬೇಕಿಲ್ಲ. ವಾರಕ್ಕೊಮ್ಮೆ 41 ನಿಮಿಷ ಸಾಕು. ಕೇಳುವುದು ಖ್ಯಾಲೋ, ಗಿಟಾರೋ, ನಿಮ್ಮಿಷ್ಟ. ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿ. ಯಾರಾದರೂ ಕರೆದರೆ ಹಾಡು ಮುಗಿದ ಮೇಲೆ ಓಗೊಡಿ. ಅಷ್ಟರಲ್ಲಿ ಹಾಲು ಉಕ್ಕಿದರೆ ಒಲೆ ಆರಿಸಲು ಮನೆಯ ಉಳಿದವರಿಗೂ ಎರಡೆರಡು ಕೈಗಳಿವೆ.